ನವಿಲಿನ ಅಟ್ಟೆ

ಮೊಳಕಾಲ್ಮೂರು ಬಸ್ ನಿಲ್ದಾಣದಲ್ಲಿ ಚಳ್ಳಕೆರೆಯ ಬಸ್ಸಿಗೆ ಕಾದು ಕುಳಿತಿದ್ದ ಲಕ್ಷ್ಮೀದೇವಿಯ ಕಿವಿಗೆ, ಪಕ್ಕದಲ್ಲಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಬೀಳುತ್ತಿತ್ತು. ಚಿಕ್ಕವಳ ಮಡಿಲಲ್ಲಿ ರಟ್ಟಿನ ಆರು ಪುಟ್ಟ ಡಬ್ಬಿಗಳಿದ್ದವು. ಅವುಗಳ ಮೈತುಂಬ ಸಣ್ಣ ಸಣ್ಣ ತೂತು.

"ಏನೇ ಗಂಗಾ ಇವು?" ಎಂದಳು ಹಿರಿಯಳು.

"ನಮ್ಮ ಕಾನ್ವೆಂಟಿನಾಗೆ ನಾಳೆ ಕ್ರಿಸ್‌ಮಸ್ ಮಾಡ್ತಾರಕ್ಕ. ನಾನು ಆಯಾ ಕೆಲಸಕ್ಕೆ ಸೇರಿ ತಿಂಗಳಾತು. ಆರು ಜನ ಟೀಚರಿಗೂ ಒಂದೊಂದು ಕರ್ಚೀಫ್ ಕೊಡಾಣ ಅಂತ."

"ಬಣ್ಣದ ಕಾಗದ ಸಿಗಲಿಲ್ವಾ ಸುತ್ತಾಕೆ?"

"ಅದಕ್ಯಾಕೆ ಖರ್ಚು. ಇದು ಮನ್ಯಾಗೇ ಇತ್ತು, ಮಿಕ್ಕಿದ್ದ ಜರಿಯಾಗೆ ಕಟ್ಟಿದೆ. ಒಳಗಿನ ಕೆಂಪು ಕರ್ಚೀಫು ತೂತಿನಾಗೆ ಚುಕ್ಕಿ ಚುಕ್ಕಿ ಕಾಣ್ತೈತೆ ನೋಡು."

ಹಿರಿಯಳು ಒಂದು ಡಬ್ಬಿ ತೆಗೆದುಕೊಂಡು ತೂತುಗಳ ಮೇಲೆ ಬೆರಳಾಡಿಸಿದಳು.

"ಇವು ನಿಮ್ಮ ಸೀರೆ ಮಗ್ಗದ ಅಟ್ಟೆ ಅಲ್ವೇನೇ? ಸೆರಗಿಗೆ ನವಿಲು ತೆಗೆಯೋ ತೂತಿನ ರಟ್ಟು."

"ಹೂಂ."

"ನಿಮ್ಮೆಜಮಾನ್ರು ಒಂದೊಂದೇ ತೂತು ಹೊಡ್ಕಂಡು ಕೂತಿದ್ರಲ್ಲೇ, ಮೂರು ತಿಂಗಳು."

"ಹೂಂ."

"ಸಾಲಿನಾಗೆ ಒಂದು ಅಟ್ಟೆ ಇಲ್ದಿದ್ರೂ ನವಿಲು ಕೂರಲ್ಲ."

"ಮಗ್ಗಾನೇ ಇಲ್ಲಕ್ಕ. ಕೊಂಡೋರು ಶನಿವಾರ ಬಿಚ್ಚಿ ಒಯ್ದರು."

ಹಿರಿಯಳು ಡಬ್ಬಿಯನ್ನು ಮೆಲ್ಲಗೆ ಅವಳ ಮಡಿಲಲ್ಲೇ ಇಟ್ಟಳು.

"ಇವನ್ನ ಕತ್ತರಿಸಿದ್ದು ಅವ್ರಿಗೆ ಗೊತ್ತೈತಾ?"

"ಅವ್ರೇ ಕತ್ತರಿಸಿ ಮಡಚಿ ಕೊಟ್ಟಿದ್ದು. ತೂತು ಹರೀದಂಗೆ ಮಡಚೋದು ನಂಗೆಲ್ಲಿ ಬರ್ತೈತೆ."

ರಾಂಪುರದ ಬಸ್ಸು ಬಂತು. ಇಬ್ಬರೂ ಎದ್ದರು. ಬಾಗಿಲಲ್ಲಿ ಜನ ನುಗ್ಗುತ್ತಿದ್ದರು. ಗಂಗಾ ಡಬ್ಬಿಗಳನ್ನು ಚೀಲಕ್ಕೆ ಹಾಕಿ, ಯಾರ ಮೈಯೂ ತಾಗದಂತೆ ಅದನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ಹತ್ತಿದಳು.