ಬಾವಿಯೊಳಗಿಂದ ನಾಲ್ಕು ಜಗ್ಗು

ನಗುವವರು ಈಗಲೇ ನಕ್ಕುಬಿಡಿ. ಹಗ್ಗ ಹಿಡಿದಿದ್ದವಳು ನಾನು, ನೀವಲ್ಲ.

ನನ್ನ ತಂಗಿ ಡೈವಿಂಗ್ ಕಲಿಸುವ ಅಂಗಡಿಯಲ್ಲಿ ಸಿಲಿಂಡರಿಗೆ ಗಾಳಿ ತುಂಬುತ್ತಾಳೆ. ತಾನೂ ಮೊದಲ ಕೋರ್ಸ್ ಪಾಸಾಗಿದ್ದಳು. ಆ ರಾತ್ರಿ ಇಬ್ಬರೂ ಮನೆಗೆ ನಡೆದು ಬರುತ್ತಿದ್ದೆವು. ದಾರಿಯಲ್ಲಿ ಹಾಳುಬಾವಿ. ಎಲ್ಲರೂ ಅಲ್ಲಿ ಹೆಜ್ಜೆ ಚುರುಕು ಮಾಡುತ್ತಾರೆ. ಇವಳು ಕಟ್ಟೆ ಮೇಲೆ ಕೂತಳು.

"ಮುಂದಿನ ಕೋರ್ಸ್ ಯಾವುದು ಅಂತ ನಾಳೆ ಹೇಳ್ಬೇಕಕ್ಕ. ಒಂದಕ್ಕೇ ರಜ ಸಿಗೋದು. ಅಂಗಡಿ ಸಾರ್ ಆಳಕ್ಕೆ ಇಳಿಯೋದು ತಗೋ ಅಂತಾರೆ. ಎರಡು ದಿನ, ಸರ್ಟಿಫಿಕೇಟು, ಫೋಟೋ."

"ನಿಂಗ್ಯಾವುದು ಬೇಕು?"

"ಹುಡುಕೋದು. ಮುಳುಗಿದೋರನ್ನ, ಕೆಸರು ನೀರಲ್ಲಿ, ಕಣ್ಣು ಕಾಣದೆ, ಹಗ್ಗ ಹಿಡಿದು. ಅಮ್ಮ ಹೇಳ್ತಾಳೆ, ಹೆಣ ಎತ್ತೋಳನ್ನ ಯಾರೇ ಕಟ್ಕೋತಾರೆ ಅಂತ."

"ನಿಮ್ಮ ಭಾವನ್ನ ದಿನಾ ಬೆಳಿಗ್ಗೆ ನಾನು ಎತ್ತಲ್ವಾ?"

ನಕ್ಕಳು. ಚೀಲದಿಂದ ಅಭ್ಯಾಸದ ಹಗ್ಗ ತೆಗೆದು, ತುದಿಗೆ ಸೀಸದ ಗುಂಡು ಕಟ್ಟಿ ಬಾವಿಗೆ ಬಿಟ್ಟಳು. ಗುಳುಂ...

"ಹಿಡಿ. ಕೆಳಗಿಂದ ಒಂದು ಸಲ ಜಗ್ಗಿದ್ರೆ, ಚೆನ್ನಾಗಿದ್ದೀನಿ ಅಂತ. ನಾಲ್ಕು ಸಲ ಜಗ್ಗಿದ್ರೆ..."

ಹಗ್ಗ ಬಿಗಿಯಾಯಿತು. ಕಟ್ಟೆಯ ಕಲ್ಲಿಗೆ ಉಜ್ಜಿ ಕರ್ ಅಂದಿತು. ಕರ್... ಕರ್... ಕರ್...

ನಾಲ್ಕು.

"ಆಟ ಆಡ್ಬೇಡ್ವೇ," ಪಿಸುಗುಟ್ಟಿದೆ.

ಅವಳು ಎರಡೂ ಬರಿಗೈ ಎತ್ತಿ ತೋರಿಸಿದಳು. "ನಾಲ್ಕು ಅಂದ್ರೆ... ಎಳೀರಿ ಅಂತ ಅಕ್ಕ."

ಎಳೆದೆವು. ತುದಿಯಲ್ಲಿ ಗುಂಡಿರಲಿಲ್ಲ. ಹಗ್ಗ ಹರಿದಿರಲಿಲ್ಲ. ಗಂಟು ನೀಟಾಗಿ ಬಿಚ್ಚಿತ್ತು.

ಮರುದಿನ ಹುಡುಕೋದೇ ಬೇಕು ಅಂತ ಸಾರ್‌ಗೆ ಹೇಳಿಯೇಬಿಟ್ಟಳು. "ಎಷ್ಟು ಆಳ ಅಂತ ಮೀಟರ್ ಹೇಳುತ್ತೆ ಸಾರ್. ಕೆಳಗೆ ಯಾರಿದ್ದಾರೆ ಅಂತ ಹೇಳಲ್ಲ."

"ನೀರಲ್ಲಿ ನೆಟ್ಟಗೆ ನಿಲ್ಲೋಕೇ ಬರಲ್ಲ ನಿಂಗೆ," ಅಂದರಂತೆ. ಸುಳ್ಳಲ್ಲ. ಕಾಲು ಬಡಿದರೆ ಕೆಸರೇಳುತ್ತದೆ, ಕೆಸರೆದ್ದರೆ ಹುಡುಕಾಟ ಮುಗಿಯಿತು. ಅಂಗಡಿಯ ಕೊಳದಲ್ಲಿ ನಾಲ್ಕು ತಿಂಗಳು ಕಲಿತಳು. ತಳಕ್ಕಿಂತ ಒಂದು ಗೇಣು ಮೇಲೆ, ಕೈಕಾಲು ಆಡಿಸದೆ, ಬರೀ ಉಸಿರಿನಲ್ಲೇ ನಿಲ್ಲುವುದು. ಕನ್ನಡಕಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡು ಗಂಟು ಬಿಚ್ಚುವುದು. ಆಮೇಲೆ ಕೋರ್ಸ್. ಅಮ್ಮ ಅಷ್ಟು ದಿನವೂ ಮಾತು ಬಿಟ್ಟಿದ್ದಳು.

ಪಾಸಾದ ವಾರವೇ, ಜೊತೆಗೆ ಕಲಿತ ಒಬ್ಬನನ್ನು ಕರೆದುಕೊಂಡು ಬಾವಿಗೆ ಇಳಿದಳು. ಕತ್ತಲಾಗುತ್ತಿತ್ತು. ಹಗ್ಗ ನನ್ನ ಕೈಯಲ್ಲಿ. ಅಮ್ಮ ಬೈಯುತ್ತಲೇ ಟಾರ್ಚ್ ಹಿಡಿದಳು.

ತಳವನ್ನೆಲ್ಲ ಗೇಣು ಗೇಣಾಗಿ ತಡಕಿದರು. ಸಿಕ್ಕಿದ್ದು ಸೀಸದ ಗುಂಡೊಂದೇ. ಇಬ್ಬರೂ ಮೇಲೆ ಬಂದು ಕಟ್ಟೆ ಮೇಲೆ ಕೂತರು. ತಂಗಿ ಸೊಂಟದ ಹಗ್ಗ ಬಿಚ್ಚಿದಳು. ತುದಿ ಜಾರಿ ನೀರಿಗೆ ಬಿತ್ತು. ಸುತ್ತಿಡೋಣ ಅಂತ ನಾನು ಎಳೆಯತೊಡಗಿದೆ.

ಕರ್...

ಕೆಳಗಿಂದ ಜಗ್ಗಿತು. ನಾಲ್ವರೂ ಉಸಿರು ಹಿಡಿದು ಕಾದೆವು... ಇನ್ನೊಂದು ಬರಲಿಲ್ಲ.

ಒಂದೇ ಸಲ. ಹತ್ತನೇ ಕ್ಲಾಸಿಗೇ ಓದು ಬಿಟ್ಟವಳು ನಾನು, ನಿಜ. ಒಂದು ಅಂತ ಎಣಿಸಲು ಅಷ್ಟು ಸಾಕು.