ರೂಮಲ್ಲಿದ್ದೀನಿ, ಒಬ್ಬಳೇ

ನಗಬೇಡಿ. ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು ಇದು. ಬೇಕಾದರೆ ಚಿಕ್ಕಮ್ಮನನ್ನೇ ಕೇಳಿ.

ಪಾರ್ಸೆಲ್ ಗೋದಾಮಿನಲ್ಲಿ ಲೇಬಲ್ ಅಂಟಿಸೋ ಕೆಲಸ ಅವಳದು. ಪಾಳಿ ಮುಗಿಸಿ ರೂಮಿಗೆ ಹೋಗೋ ದಾರೀಲಿ ಒಂದು ಪಾಳು ಬಾವಿ. ಮೇಲೆ ಬೀಗ ಹಾಕಿದ ಕಬ್ಬಿಣದ ಜಾಲರಿ. ಕತ್ತಲಾದ ಮೇಲೆ ಎಲ್ಲರೂ ಅಲ್ಲಿ ದಾಪುಗಾಲು ಹಾಕಿದರೆ, ಇವಳು ಪ್ರತಿ ಗುರುವಾರ ಅದರ ಕಟ್ಟೆ ಮೇಲೇ ಕೂರೋಳು. ಯಾಕೆ ಅಂದರೆ... ಅಳೋದಕ್ಕೆ. ನಾಲ್ಕು ಜನರ ರೂಮಲ್ಲಿ ಅಳೋಕೆ ಜಾಗ ಎಲ್ಲಿ?

ಆರು ತಿಂಗಳಿಂದ ನಿದ್ದೆ ಇರಲಿಲ್ಲ, ಬದುಕೇ ಬೇಡ ಅನ್ನಿಸೋದು. ಪಾಪ, ತಾನೇ ಹುಡುಕಿ, ಗುರುವಾರ ರಾತ್ರಿ ಫೋನಲ್ಲೇ ನೋಡೋ ಮನೋವೈದ್ಯೆಯೊಬ್ಬರನ್ನು ಹಿಡಿದಿದ್ದಳು. ಅವರು ಪ್ರತಿ ಸಲ ಮೊದಲು ಕೇಳೋದು ಒಂದೇ: "ಈಗ ಎಲ್ಲಿದ್ದೀರ? ಒಬ್ಬರೇನಾ?" ಹೆಚ್ಚುಕಮ್ಮಿ ಆದರೆ ಅಲ್ಲಿಗೆ ಜನ ಕಳಿಸೋಕೆ. ಬಾವಿಕಟ್ಟೆ ಅಂದರೆ ಗಾಬರಿಯಾಗಿ ಅಮ್ಮನಿಗೆ ಹೇಳಿಬಿಡ್ತಾರೆ ಅಂತ ಇವಳು, "ರೂಮಲ್ಲಿದ್ದೀನಿ ಮೇಡಂ. ಒಬ್ಬಳೇ" ಅನ್ನೋಳು. ಏಳು ವಾರ ಅದೇ ಸುಳ್ಳು.

ಎಂಟನೇ ವಾರ ತೀರಾ ಕೆಟ್ಟಿತ್ತು. ಯಾರಾದರೂ ಬಂದು ಕರ್ಕೊಂಡು ಹೋಗಲಿ, ಇವತ್ತು ನಿಜ ಹೇಳ್ತೀನಿ ಅಂತಲೇ ಕೂತಳಂತೆ.

"ಎಲ್ಲಿದ್ದೀರ?"

ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗಿಂದ... ತೊಟಕ್. ತೊಟಕ್. ನೀರು ತೊಟ್ಟಿಕ್ಕೋ ಸದ್ದು. ಆಮೇಲೆ ಇವಳದೇ ದನಿ. ಜಾಲರಿಯೊಳಗಿಂದ.

"ರೂಮಲ್ಲಿದ್ದೀನಿ ಮೇಡಂ. ಒಬ್ಬಳೇ."

"ಹೇಗಿದ್ದೀರ?"

"ಆರಾಮಾಗಿದ್ದೀನಿ..."

ಇವಳು ಕಿರುಚಿದಳು. ಗಂಟಲಿಂದ ಗಾಳಿ ಬಂತು, ಅಷ್ಟೇ. ಫೋನ್ ಕೈಜಾರಿ ಜಾಲರಿಗೆ ಬಡಿಯಿತು, ಠಣ್... ಸಂದಿಯಲ್ಲಿ ಇಳಿದುಹೋಯಿತು. ನೀರಿಗೆ ಬಿದ್ದ ಸದ್ದು ಮಾತ್ರ ಬರಲಿಲ್ಲ.

ಅಂದಿನಿಂದ ಅವಳಿಗೆ ಮಾತಿಲ್ಲ. ಇಷ್ಟನ್ನೂ ಚೀಟಿಯಲ್ಲಿ ಬರೆದು ತೋರಿಸಿದ್ದು. ಊಟ ಬಿಟ್ಟು ಕಡ್ಡಿಯಾಗಿದ್ದಾಳೆ, ನೋಡಿದರೆ ಕರುಳು ಚುರುಕ್ ಅನ್ನುತ್ತೆ. ತಿಂಗಳಾದ ಮೇಲೆ, ಒಂದು ಶುಕ್ರವಾರ, ಚಿಕ್ಕಮ್ಮ ಆ ಮೇಡಂಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ನನ್ನ ಮಗಳು ಕೈಬಿಟ್ಟು ಹೋಗ್ತಿದ್ದಾಳಮ್ಮ, ನೀವೇ ಏನಾದ್ರೂ ಮಾಡಿ."

"ಯಾಕಮ್ಮ ಹಾಗಂತೀರ? ನಿನ್ನೆ ರಾತ್ರಿ ತಾನೆ ಮುಕ್ಕಾಲು ಗಂಟೆ ಮಾತಾಡಿದ್ರು. ಪೂರ್ತಿ ಚೇತರಿಸಿಕೊಂಡಿದ್ದಾರೆ. ಇನ್ನು ನನ್ನ ಅಗತ್ಯ ಇಲ್ಲ."

ಚಿಕ್ಕಮ್ಮ ನನ್ನ ಕಡೆ ನೋಡುತ್ತಲೇ ಕೇಳಿದರು, "ಎಲ್ಲಿದ್ದೀನಿ ಅಂದಳು?"

"ರೂಮಲ್ಲಿ. ಒಬ್ಬಳೇ ಅಂದ್ರು."

ಸುಳ್ಳಾಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ಗುರುವಾರ ರಾತ್ರಿಯಿಡೀ ಅವಳು ನಮ್ಮ ಮನೇಲೇ, ನನ್ನ ಎದುರಿಗೇ, ಗೋಡೆ ನೋಡ್ತಾ ಕೂತಿದ್ದಳು. ಬಾವಿಗೂ ಹೋಗಿ ನೋಡಿ ಬಂದೆ. ಜಾಲರಿಯ ಬೀಗಕ್ಕೆ ತುಕ್ಕು ಹಿಡಿದಿದೆ, ಯಾರೂ ತೆಗೆದಿಲ್ಲ.