ಗುಡ್ಡದ ಕಲ್ಲು, ಕಾಗದದ ಜೋಳ

ಒಬ್ಬ ಸಾವುಕಾರ, ನೋಡಿ. ಅವನ ಹೊಲದ ತುದಿಗೊಂದು ಬೋಳು ಗುಡ್ಡ. ಅದರೊಳಗೆ ಕೆಂಪು ಗ್ರಾನೈಟ್ ಇದೆ ಎಂದು ಗೊತ್ತಾದದ್ದೇ ತಡ, ಕಂಪನಿಯವರು ಬಂದು ಕಲ್ಲು ತೆಗೆಯುವ ಹಕ್ಕನ್ನು ಎಂಬತ್ತು ಲಕ್ಷಕ್ಕೆ ಕೊಂಡರು. ಸಾವುಕಾರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ನಡೆಯತೊಡಗಿದ. ಇಳಿಸಿದವರು ಯಾರು? ಪೇಟೆಯ ಆಡಿಟರು. ಇದಕ್ಕೆ ತೆರಿಗೆ ಉಂಟು ಎಂದರು.

ಸಾವುಕಾರ ಇಡೀ ದಿನ ಯೋಚಿಸಿದ. ಬೆಳೆಗೆ ಆದಾಯ ತೆರಿಗೆ ಇಲ್ಲ, ಹೌದೇ? ಕಲ್ಲು ಬಂದದ್ದು ಹೊಲದಿಂದ, ಹೌದೇ? ಹಾಗಾದರೆ ಕಲ್ಲೂ ಬೆಳೆಯೇ! ಜೋಳ ಮಾರಿದ ದುಡ್ಡು ಎಂದು ಕಾಗದ ಬರೆಸಿದ. ಬೆಳೆ ಎನ್ನುವುದಾದರೆ ಬೆಳೆದವನ ಸಹಿ ತನ್ನಿ ಎಂದು ಆಡಿಟರು ಮೂಗಿನಲ್ಲೇ ನಕ್ಕರು.

ಬೆಳೆದವನು ಯಾರು? ಇಪ್ಪತ್ತು ವರ್ಷದಿಂದ ಆ ಹೊಲವನ್ನು ಪಾಲಿಗೆ ಮಾಡುತ್ತಿದ್ದ ರೈತ. ಬಂದದ್ದರಲ್ಲಿ ಅರ್ಧ ಧಣಿಗೆ, ಅರ್ಧ ಅವನಿಗೆ. ಬರೀ ಬಾಯಿಮಾತಿನ ಕರಾರು. ಒಂದು ಸುಗ್ಗಿಯಲ್ಲೂ ತಾನು ಅದಕ್ಕೆ ತಪ್ಪಿಲ್ಲ ಎಂಬ ಹೆಮ್ಮೆ ಸಾವುಕಾರನಿಗೆ ಆ ಗುಡ್ಡಕ್ಕಿಂತ ದೊಡ್ಡದು.

ಸಹಿಗೆಂದು ಕರೆಸಿದಾಗ ರೈತ ಚಾವಡಿಯಲ್ಲಿ ಎಲ್ಲರೆದುರು ಕಾಗದ ಓದಿಸಿಕೊಂಡ. ತಲೆ ಕೆರೆದುಕೊಂಡ.

"ಸಹಿ ಮಾಡ್ತೀನ್ರಿ ಧಣ್ಯಾರ. ಆದ್ರ ಎಂಬತ್ತ ಲಕ್ಷದ ಜ್ವಾಳ ಅಂದ್ರ, ನಲವತ್ತು ನಂದಾತಲ್ರಿ?"

ಈಗ ಹೇಳಿ, ಸಾವುಕಾರ ಏನು ಮಾಡಬೇಕು? ಬೆಳೆ ಎಂದರೆ ಅರ್ಧ ಹೋಯಿತು. ಅರ್ಧ ಕೊಡೆನೆಂದರೆ ಇಪ್ಪತ್ತು ವರ್ಷದ ಮಾತು ಹೋಯಿತು. ಬೆವರು ಒರೆಸಿಕೊಂಡು, ಅದು ಜೋಳವಲ್ಲ, ಕಲ್ಲು ಎಂದು ಒಪ್ಪಿಕೊಂಡ.

"ಹಂಗಾರ ಕಲ್ಲಂತನ ಬರೀರಿ," ಎಂದ ರೈತ. "ನಿಮ್ಮ ಮಾತಿಗೆ ನಾ ಎಂದೂ ಕಾಗದ ಕೇಳಿಲ್ಲ. ನಿಮ್ಮ ಕಾಗದಾನೂ ನಿಮ್ಮ ಮಾತಿನಂಗ ಇರ್ಲಿ."

ಸಾವುಕಾರ ಆ ಕಾಗದವನ್ನು ಅಲ್ಲೇ ಹರಿದ. ತೆರಿಗೆಯನ್ನು ಪೂರ್ತಿ ಕಟ್ಟಿದ. ನಮ್ಮ ಧಣಿ ಒಂದು ಪೈಸೆಯನ್ನೂ ಮುಚ್ಚಿಡಲಿಲ್ಲ ಎಂದು ರೈತ ಸಂತೆಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ. ಗುಡ್ಡ ಮಾರಿದಾಗ ಸಿಗದ ದೊಡ್ಡಸ್ತಿಕೆ ಸಾವುಕಾರನಿಗೆ ಅಂದು ಸಿಕ್ಕಿತು.

ನಗುತ್ತಿದ್ದೀರಿ, ಸಂತೋಷ. ಆದರೆ ಕಲ್ಲನ್ನು ಜೋಳ ಮಾಡಿದವರು ಇಲ್ಲಿ ಎಷ್ಟು ಮಂದಿ? ಸೈಟು ಮಾರಿ ಪತ್ರದಲ್ಲಿ ಅರ್ಧ ಬೆಲೆ ಬರೆಸಿದವರು? ಮಳಿಗೆ ಬಾಡಿಗೆಗೆ ಕೊಟ್ಟು, ಅದರಲ್ಲಿ ಅಳಿಯ ಬಾಡಿಗೆಯಿಲ್ಲದೆ ಇದ್ದಾನೆ ಎಂದವರು? ಮಾರಿದ್ದನ್ನು ಅದರ ಹೆಸರಿನಿಂದಲೇ ಬರೆಯಿರಿ. ಬಂದಷ್ಟನ್ನೇ ಬರೆಯಿರಿ. ಸಹಿ ಹಾಕುವ ಮುಂಚೆ, ನಿಮ್ಮನ್ನು ನಂಬಿ ದುಡಿಯುವ ಒಬ್ಬರನ್ನು ಎದುರು ಕೂರಿಸಿಕೊಂಡು ಗಟ್ಟಿಯಾಗಿ ಓದಿ. ದನಿ ಎಲ್ಲಿ ತಗ್ಗುತ್ತದೋ, ಆ ಸಾಲನ್ನು ತಿದ್ದಿ.